ಕೀಲಿಗೊಂಚಲಿನ ಪ್ರಥಮ ಚಿಕಿತ್ಸೆ

ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುವವನ ಎದೆ ಗಟ್ಟಿಯಿರಬೇಕು. ಕೆಲಸಕ್ಕಲ್ಲ, ಅಲ್ಲಿ ಕಿವಿಗೆ ಬೀಳುವ ಮಾತುಗಳಿಗೆ. ಎರಡು ಸಾವಿರದ ದಶಕದ ಶುರುವಿನಲ್ಲಿ ದಾವಣಗೆರೆಯಿಂದ ತಿರುಪ್ಪೂರಿಗೆ ಹೋಗಿ ಇಸ್ತ್ರಿ ವಿಭಾಗಕ್ಕೆ ಸೂಪರ್‌ವೈಸರ್ ಆದೆ. ಮೊದಲ ಬೇಸಿಗೆಯಲ್ಲೇ ಮೂರು ಸಲ ಬೆಚ್ಚಿಬಿದ್ದೆ.

೧. ಫ್ಯಾನ್ ಯಾರಿಗೆ?

ತಗಡಿನ ಸೂರು, ಹನ್ನೆರಡು ಇಸ್ತ್ರಿಪೆಟ್ಟಿಗೆ, ಮೇಲೆ ಮೇ ತಿಂಗಳ ಕತ್ತರಿ ಬಿಸಿಲು. ಫ್ಯಾನುಗಳು ಮಾತ್ರ ನಿಂತಿದ್ದವು. ಯಾಕೆಂದು ಫೋರ್‌ಮನ್‌ನನ್ನು ಕೇಳಿದೆ.

“ಹಾಕಿದ್ರೆ ಪ್ಲಾಸ್ಟಿಕ್ ಕವರೆಲ್ಲ ಹಾರ್ತದೆ ಸಾರ್.”

ಮೂಲೆಯಲ್ಲಿ ಒಂದೇ ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ಅದರೆದುರು ಮನುಷ್ಯರಿರಲಿಲ್ಲ, ಮಡಿಸಿಟ್ಟ ಬನಿಯನ್‌ಗಳಿದ್ದವು.

“ಅದಕ್ಕೆ ಆವಿ ಆರಬೇಕಲ್ಲ ಸಾರ್, ಪಾಪ.”

೨. ಬೆವರಿಲ್ಲದ ಹೆಮ್ಮೆ

ಉಪ್ಪು ಹಾಕಿದ ಮಜ್ಜಿಗೆ ತರಿಸಿದೆ. ಇಸ್ತ್ರಿ ಮಾಸ್ಟರ್ ಮಾತ್ರ ಮುಟ್ಟಲಿಲ್ಲ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರ ಮನೆತನದ ಹಿರಿಯರು ಅವರು. ಬೆವರಿಗೆ ಅವರ ಮನೆಮಾತಿನಲ್ಲೂ ತಮಿಳಿನ ವೇರ್ವೆಯೇ.

“ಕುಡಿದ್ರೆ ವೇರ್ವೆ ಬರ್ತದೆ ತಂಬಿ. ಬಿಳಿ ಮಾಲ್ ಮ್ಯಾಲೆ ಬಿದ್ರೆ ಕರೆ. ಇಪ್ಪತ್ತು ವರ್ಷದಾಗೆ ನನ್ನ ಮಾಲ್ ಒಂದೂ ವಾಪಸ್ ಬಂದಿಲ್ಲ.”

ಮೂರನೇ ಮಧ್ಯಾಹ್ನ ಅವರೇ ಕರೆದು ಕೆಂಪೇರಿದ ಮುಖ ತೋರಿಸಿದರು. “ಪಾರು ತಂಬಿ, ನೋಡು, ಇವತ್ತು ಒಂದು ಹನೀನೂ ಇಲ್ಲ!”

ಹಣೆ ಮುಟ್ಟಿ ನೋಡಿದೆ. ಇಸ್ತ್ರಿಪೆಟ್ಟಿಗೆಯೇ ವಾಸಿ.

೩. ಮುಷ್ಟಿ

“ಅಣ್ಣಾ, ಕೂತ್ಕೊಳ್ಳಿ” ಅನ್ನುವಷ್ಟರಲ್ಲಿ ಅವರು ಏನೋ ಬಡಬಡಿಸುತ್ತಾ ಕುಸಿದರು.

“ಫಿಟ್ಸ್! ಕೈಗೆ ಕಬ್ಬಿಣ ಕೊಡಿ!” ಎನ್ನುತ್ತಾ ಫೋರ್‌ಮನ್ ತನ್ನ ಸೊಂಟದ ಕೀಲಿಗೊಂಚಲನ್ನು ಅವರ ಕೈಗೆ ತುರುಕಿದ. ಬೆಳಗಿನಿಂದ ಆ ಕೈಯಲ್ಲಿದ್ದದ್ದೂ ಕಬ್ಬಿಣವೇ.

“ಫಿಟ್ಸ್ ಅಲ್ಲ, ಬಿಸಿಲಿನ ಹೊಡೆತ! ಮೈಮೇಲೆ ನೀರು ಸುರೀರಿ, ವ್ಯಾನ್ ತೆಗೀರಿ!” ಎಂದು ಕೂಗಿದೆ.

ಡ್ರೈವರ್ ಓಡಿದ, ಅಷ್ಟೇ ವೇಗದಲ್ಲಿ ವಾಪಸ್ ಬಂದ. “ವ್ಯಾನ್ ಸಾವಿ ಎಲ್ಲಿ?”

ಫೋರ್‌ಮನ್ ತನ್ನ ಸೊಂಟ ತಡವಿಕೊಂಡ. ವ್ಯಾನಿನ ಕೀಲಿ ಗೊಂಚಲಿನಲ್ಲಿ, ಗೊಂಚಲು ಮಾಸ್ಟರ್ ಮುಷ್ಟಿಯಲ್ಲಿ. ಮೂವರು ಎಳೆದರೂ ಬೆರಳು ಸಡಿಲಲಿಲ್ಲ. ನೀರು ಸುರಿದೆವು, ಬನಿಯನ್ನಿನ ಫ್ಯಾನನ್ನು ಅವರತ್ತ ತಿರುಗಿಸಿದೆವು. ಎರಡನೇ ಬಕೆಟ್ಟಿಗೆ ಮಾಸ್ಟರ್ ಕಣ್ಣುಬಿಟ್ಟರು.

“ಅಯ್ಯೋ, ಮಾಲ್ ನೆನೀತದೆ!”

ಪಕ್ಕದ ಬನಿಯನ್ ಕಟ್ಟನ್ನು ದೂರ ತಳ್ಳಲು ಕೈಚಾಚಿದರು. ಕೀಲಿ ಬಿತ್ತು, ವ್ಯಾನ್ ಹೊರಟಿತು.

ಇನ್ನು ಹತ್ತು ನಿಮಿಷ ತಡವಾಗಿದ್ದರೆ ಮಾಸ್ಟರ್ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರ್. ಅದನ್ನು ಕೇಳಿ ಕಂಪನಿ ಆ ಸಂಜೆಯೇ ಒಂದು ಸುಧಾರಣೆ ಮಾಡಿತು. ಫ್ಯಾನ್ ಹಾಕಿಸಿತು ಅಂದುಕೊಂಡಿರಾ? ವ್ಯಾನಿನ ಕೀಲಿಯನ್ನು ಗೊಂಚಲಿನಿಂದ ಬಿಚ್ಚಿ ಬೇರೆ ಮೊಳೆಗೆ ನೇತುಹಾಕಿತು.

ಫೋರ್‌ಮನ್ ನೆಮ್ಮದಿಯಿಂದ ನನ್ನತ್ತ ತಿರುಗಿದ. “ಇನ್ಮೇಲೆ ಯಾರು ಬೇಕಾದ್ರೂ ಬೀಳಬಹುದು ಸಾರ್.”