ಎಣ್ಣೆಯಲ್ಲಿ ಮುಳುಗಿದ ಬೆಲ್ಟು, ಬೆವರಿನಲ್ಲಿ ಮುಳುಗಿದ ನಾನು

ಏನಾಗಿರಬಹುದು, ಹೇಳಿ ನೋಡೋಣ. ಬಿ.ಎಸ್ಸಿ. ಓದಿ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಮನುಷ್ಯ, ಶಿಕಾರಿಪುರದ ತನ್ನ ಮನೆ ಮುಂದೆ ಕಾರಿಗೆ ಕೀಲಿ ಹಾಕುತ್ತಾನೆ. ತಿರುಗಿಸುವ ಮೊದಲು ಕಣ್ಣು ಮುಚ್ಚಿ ಹುಚ್ಚರಾಯಸ್ವಾಮಿಯನ್ನು ನೆನೆಯುತ್ತಾನೆ. ಪಕ್ಕದಲ್ಲಿ ಹೆಂಡತಿ ಉಸಿರು ಬಿಗಿಹಿಡಿದು ಕೂತಿರುತ್ತಾಳೆ. ಭಕ್ತಿ ಅಂತೀರಾ? ಅಲ್ಲ. ಮುಪ್ಪು ಅಂತೀರಾ? ಅದೂ ಪೂರ್ತಿ ಅಲ್ಲ.

ಇಂಥವು ನನಗೆ ಆಗುತ್ತಲೇ ಇರುತ್ತವೆ. ನೌಕರಿಯಲ್ಲಿದ್ದಾಗ ಬೇರೆಯವರಿಗೆ ಆಗುತ್ತಿದ್ದವು, ನಾನು ಅರ್ಜಿ ಇಸಿದುಕೊಳ್ಳುತ್ತಿದ್ದೆ. ಈಗ ನನಗೇ ಆಗುತ್ತವೆ, ಇಸಿದುಕೊಳ್ಳುವವರಿಲ್ಲ.

ಉಪ್ಪಿನಕಾಯಿ ಜಾಡಿ

ಮೊದಲು ನನ್ನ ಷಡ್ಡಕನ ವಿಷಯ ಹೇಳಬೇಕು. ಹೆಂಡತಿಯ ತಂಗಿಯ ಗಂಡ, ಸೊರಬದಲ್ಲಿದ್ದಾನೆ. ಅವನು ಕೊಂಡ ಕಾರನ್ನೇ, ಅದೇ ಬಿಳಿ ಬಣ್ಣದ್ದನ್ನೇ, ಅದೇ ತಿಂಗಳು ನಾನೂ ಕೊಂಡೆ. ಅಕ್ಕತಂಗಿಯರಿಗೆ ಒಂದೇ ತರಹದ ಸೀರೆ ಕೊಡಿಸಿ ಪಳಗಿದ ಗಂಡಸರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಒಂದು ದಿನ ನಮ್ಮೂರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, "ಸಾರ್, ನಿಮ್ ಗಾಡಿ ಟೈಮಿಂಗ್ ಬೆಲ್ಟು ಎಣ್ಣೆ ಒಳಗೇ ಇರ್ತೈತಿ, ಗೊತ್ತೈತಾ?" ಅಂದ.

"ಬೆಲ್ಟಿಗೆ ಎಣ್ಣೆಯೇ? ಅಕ್ಕಿ ಗಿರಣಿಯಲ್ಲಿ ಬೆಲ್ಟಿಗೆ ಒಂದು ಹನಿ ಎಣ್ಣೆ ತಾಗಿದರೆ ಮಾಲೀಕ ಬಡಿಗೆ ಹಿಡಿಯುತ್ತಿದ್ದನಯ್ಯ!"

"ಅದು ಬೇರೆ, ಇದು ಬೇರೆ ಸಾರ್. ಇದು ಉಪ್ಪಿನಕಾಯಿ ಇದ್ದಂಗೆ. ತನ್ನ ರಸದಾಗ ತಾನು ವರ್ಷಗಟ್ಟಲೆ ಇರ್ತೈತಿ. ಒಂದ್ ಒದ್ದೆ ಚಮಚ ಬಿತ್ತೋ, ಜಾಡೀನೇ ಹೋತು. ಕಂಪನಿ ಹೇಳಿದ ಎಣ್ಣೆ ಬಿಟ್ಟು ಬ್ಯಾರೆ ಹಾಕಿದ್ರೆ ಬೆಲ್ಟು ಊದಿ, ಉದುರಿ, ಆ ಚೂರು ಎಣ್ಣೆ ಜಾಲರೀಗೆ ಸಿಕ್ಕೊಂಡು ಇಂಜಿನ್ನಿಗೆ ಎಣ್ಣೆ ಹತ್ತಂಗಿಲ್ಲ. ಆಮ್ಯಾಲೆ ಇಂಜಿನ್ ಅನ್ನಾದು ಬರೀ ಕಬ್ಬಿಣ."

ಮುಂದೆ ಕೇಳದೆ ಬಾನೆಟ್ ಮುಚ್ಚಿಸಿ ಹೊರಟೆ. ಯಾಕೆಂದರೆ ಕೆಲವು ತಿಂಗಳ ಹಿಂದೆ ಷಡ್ಡಕನ ಮನೆಗೆ ಊಟಕ್ಕೆ ಹೋದಾಗ, ಅಂಗಳದಲ್ಲಿ ಕಾರಿನ ಎಣ್ಣೆ ಕಡ್ಡಿ ಎಳೆದು ನೋಡಿದ್ದೆ. ತಳ ಮುಟ್ಟಿತ್ತು. ಅವನ ಶೆಡ್ಡಿನಲ್ಲಿದ್ದ ಟಿಲ್ಲರಿನ ಎಣ್ಣೆಯನ್ನು, ಎಣ್ಣೆ ಎಲ್ಲ ಒಂದೇ ಎಂಬ ವಿಜ್ಞಾನದ ಬಲದ ಮೇಲೆ, ಅರ್ಧ ಡಬ್ಬಿ ಸುರಿದು ಬಂದಿದ್ದೆ. ಯಾರಿಗೂ ಹೇಳಿರಲಿಲ್ಲ.

ಮನೆಗೆ ಬಂದರೆ ಹೆಂಡತಿ ಜಾಡಿ ಹಿಡಿದು ನಿಂತಿದ್ದಳು. "ರೀ, ಮಾವಿನಮಿಡಿಗೆ ಒದ್ದೆ ಚಮಚ ಹಾಕಿದ್ದು ನೀವೇ ತಾನೆ?"

ಕಾರಿನ ಗುಂಗಿನಲ್ಲೇ, "ಹೌದು, ಆದರೆ ಅರ್ಧ ಡಬ್ಬಿ ಅಷ್ಟೆ" ಅಂದುಬಿಟ್ಟೆ.

ಕುರಿಗಳಿಗೆ ಹೊತ್ತಾಯಿತು

ಗುಟ್ಟು ಹೆಂಡತಿಗೆ ತಿಳಿದ ಮೇಲೆ ಹೆದರಿಕೆ ಅರ್ಧವಾಗಲಿಲ್ಲ, ಎರಡಾಯಿತು. ಹೊಸ ಬೆಲ್ಟೂ, ಹಳೆಯದನ್ನು ಅಳೆಯುವ ಪಟ್ಟಿಯೂ ಶಿವಮೊಗ್ಗದಿಂದ ಬರಬೇಕಿತ್ತು. ಅಲ್ಲಿಯವರೆಗೆ ಕಾರು ನಿಲ್ಲಿಸೋಣವೆಂದರೆ, ಉಳವಿಯಲ್ಲಿ ಹೆಂಡತಿಯ ಸೋದರತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದರು, ನೋಡಿ ಬರಲೇಬೇಕು.

ಹೊರಟೆವು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಟಕ್ ಟಕ್ ಎಂದು ಸದ್ದು. "ಬೆಲ್ಟು!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ವೇಗ ಇಳಿಸಿದೆ. ಸದ್ದು ನಿಲ್ಲಲಿಲ್ಲ. ಇನ್ನೂ ಇಳಿಸಿದೆ. ಕಾರು ತೆವಳತೊಡಗಿತು. ಹಿಂದಿನಿಂದ ಒಂದು ಕುರಿ ಹಿಂಡು ಬಂದು, ಎರಡಾಗಿ ಒಡೆದು, ನಮ್ಮ ಅಕ್ಕಪಕ್ಕ ಹಾದು ಮುಂದೆ ಹೋಯಿತು. ಕುಂಟುವ ಕುರಿಯೊಂದು ಕೊನೆಗೆ ಬರುತ್ತಿತ್ತು. ಅದೂ ಹೋಯಿತು.

ಕುರಿ ಕಾಯುವವನು ಕಿಟಕಿಗೆ ಬಗ್ಗಿದ. "ಯಾಕ್ರೀ ಯಜಮಾನ್ರೇ, ಹುಷಾರಿಲ್ಲೇನು?"

"ಇಂಜಿನ್ನಿನಲ್ಲಿ ಸದ್ದಪ್ಪ."

ಅವನು ಕಿವಿಗೊಟ್ಟ. ಹಿಂದಿನ ಸೀಟಿನತ್ತ ಕೋಲು ತೋರಿಸಿದ. ಸೋದರತ್ತೆಗೆಂದು ಒಯ್ಯುತ್ತಿದ್ದ ಎರಡು ತೆಂಗಿನಕಾಯಿ ಸ್ಟೀಲ್ ಡಬ್ಬಿಗೆ ಡಿಕ್ಕಿ ಹೊಡೆಯುತ್ತಿದ್ದವು. ಮತ್ತೆ ವಿನಯದಿಂದ ಅಂದ: "ಒಂಚೂರು ಬದಿಗೆ ತಗೊಳ್ರಿ. ಹಿಂದ ಇನ್ನೊಂದು ಹಿಂಡು ಐತಿ, ಅವಕ್ಕ ಹೊತ್ತಾಗತೈತಿ."

ನನ್ನ ಸ್ನೇಹಿತರೊಬ್ಬರು

ಹೆಂಡತಿಗೆ ಬಾಯಿ ತಪ್ಪಿ ಹೇಳಿದ್ದಾಯಿತು, ಮೆಕ್ಯಾನಿಕ್ಕಿಗೆ ಹೇಗೆ ಹೇಳುವುದು? ಊರಿನಲ್ಲಿ ನನಗೆ ತಿಳಿದವನು ಎಂಬ ಹೆಸರಿದೆ. ಪಹಣಿಯಿಂದ ಹಿಡಿದು ಪಂಚಾಂಗದವರೆಗೆ ನನ್ನನ್ನು ಕೇಳುತ್ತಾರೆ. ಆದ್ದರಿಂದ ಗ್ಯಾರೇಜಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, "ನನ್ನ ಸ್ನೇಹಿತರೊಬ್ಬರು ಇಂಥದೇ ಗಾಡಿಗೆ ತಿಳಿಯದೆ ಟಿಲ್ಲರಿನ ಎಣ್ಣೆ ಹಾಕಿದ್ದಾರಂತೆ" ಅಂದೆ.

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಯಾವ ಪುಣ್ಯಾತ್ಮ ಸಾರ್? ಓದಿದವರೋ?"

"ಸಾಧಾರಣ ಓದಿದವರು."

"ಓದಿದವರೇ ಇಂಥಾ ಕೆಲ್ಸ ಮಾಡಾದು. ಓದದವ್ರು ಕೇಳಿ ಹಾಕ್ತಾರ." ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಸ್ನೇಹಿತರಿಗೆ ಹೇಳ್ರಿ, ಬೆಲ್ಟು ನಾಳೆ ಬರತೈತಿ. ಬೆಳಿಗ್ಗೆನೇ ಗಾಡಿ ತಗಂಬರ್ಲಿ. ಅವ್ರ ಮನಿಯವ್ರನ್ನೂ ಕರ್ಕಂಡು ಬರ್ಲಿ, ಅಕ್ಕಾರು ಭಾಳ ಹೆದರ್ಯಾರಂತೆ" ಅಂದ.

ಮಹಜರು

ಮರುದಿನ ಬೆಳಿಗ್ಗೆ ಹೋದೆವು. ದಾರಿಯಲ್ಲಿ ಹೆಂಡತಿ, "ಇಂಜಿನ್ ಹೋಗಿದ್ದರೆ ಅವನೆದುರಿಗೆ ಅಳಬೇಡಿ" ಎಂದು ಧೈರ್ಯ ತುಂಬಿದಳು. ಸ್ಥಳ ಪರಿಶೀಲನೆಗೆ ಹೋದ ಹಳೆಯ ಅಭ್ಯಾಸ, ಕೈಯಲ್ಲಿ ಹಾಳೆ ಪೆನ್ನು ಹಿಡಿದು ನಿಂತೆ. ಮೆಕ್ಯಾನಿಕ್ ಎಣ್ಣೆ ಸುರಿಯುವ ಮುಚ್ಚಳ ತೆಗೆದ. ಒಳಗೆ ಟಾರ್ಚು ಬಿಟ್ಟ. ಪಟ್ಟಿ ಇಳಿಸಿ ಬೆಲ್ಟಿನ ಅಗಲ ಅಳೆದ. ಮತ್ತೊಮ್ಮೆ ಅಳೆದ. ನಾನು ಹಾಳೆಯ ಮೇಲೆ ದಿನಾಂಕ ಬರೆದೆ, ಅದನ್ನೇ ಮತ್ತೊಮ್ಮೆ ಬರೆದೆ.

"ಸಾರ್, ಬೆಲ್ಟು ಮದುಮಗನಂಗೈತಿ. ಒಂದು ಎಳೆ ಊದಿಲ್ಲ, ಬಿರುಕಿಲ್ಲ. ಇದ್ರಾಗ ಬ್ಯಾರೆ ಎಣ್ಣೆ ಬಿದ್ದೇ ಇಲ್ಲ."

"ನಾನೇ ಕೈಯಾರೆ ಸುರಿದಿದ್ದೇನಯ್ಯ!" ಎಂದು ರೇಗಿದೆ. ಸ್ನೇಹಿತರು ಅಲ್ಲಿಗೆ ತೀರಿಕೊಂಡರು.

"ಹಂಗಾರೆ ಎಲ್ಲಿಗೆ ಸುರಿದ್ರಿ?"

ಆ ಪ್ರಶ್ನೆ ಗಾಳಿಯಲ್ಲಿ ತೂಗುತ್ತಿರುವಾಗಲೇ ಫೋನ್ ಬಂತು. ಸೊರಬದ ಷಡ್ಡಕ. "ಅಣ್ಣಾ, ಒಂದ್ ವಿಷ್ಯ ಕೇಳ್ಬೇಕಿತ್ತು ಮಾರಾಯ್ರೆ. ಕುಪ್ಪಗಡ್ಡೆಗೆ ಹೊರಟಿದ್ದೆ, ನನ್ನ ಕಾರಲ್ಲಿ ಕೆಂಪು ದೀಪ ಹತ್ತಿ ಕೂತಿದೆ. ಎಣ್ಣೆ ಡಬ್ಬಿ ಚಿತ್ರ. ಚೆನ್ನಾಗೇ ಕಾಣ್ತದೆ. ಹಂಗೇ ಹೋಗ್ಲಾ?"

"ಆಫ್ ಮಾಡೋ!" ಎಂದು ನಾನು ಕೂಗಿದ ಕೂಗಿಗೆ ಗ್ಯಾರೇಜಿನ ತಗಡಿನ ಮೇಲಿದ್ದ ಕಾಗೆಗಳು ಎದ್ದುಹೋದವು.

ಅವನ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದದ್ದಾಯಿತು. ನನಗೆಂದು ತರಿಸಿದ್ದ ಹೊಸ ಬೆಲ್ಟು ಅವನದಕ್ಕೆ ಹೋಯಿತು. ಕೆಲಸ ಸಣ್ಣದಲ್ಲ, ಎಣ್ಣೆ ಇಳಿಸಿ, ಮುಂದಿನ ಕವಚ ಬಿಚ್ಚಿ, ಬೆಲ್ಟು ಸುತ್ತುವ ಹಲ್ಲುಗಾಲಿಗಳು ಅಲುಗದಂತೆ ಕೀಲು ಹಾಕಿ, ಹಳೆಯದನ್ನು ಹೊರಗೆಳೆದಾಗ ಅದು ನೆನೆಹಾಕಿದ ಹುಣಿಸೆಹಣ್ಣಿನಂತೆ ಬಂತು. ತಳದ ಜಾಲರಿಯಲ್ಲಿ ಚಹಾ ಸೋಸಿದ ಚರಟದಂಥ ಕಪ್ಪು ಚೂರು. ಇಂಜಿನ್ನಿಗೆ ಮಾತ್ರ ಏನೂ ಆಗಿರಲಿಲ್ಲ.

"ಇದ್ರಾಗ ಬ್ಯಾರೆ ಎಣ್ಣೆ ಬಿದ್ದೈತಿ. ಇನ್ನೊಂದ್ ಹತ್ತು ಮೈಲಿ ಓಡ್ಸಿದ್ರೆ ಮುಗೀತಿತ್ತು. ನಿಮ್ಮಣ್ಣಾರು ಉಳಿಸಿದ್ರು" ಎಂದ ಮೆಕ್ಯಾನಿಕ್, ನನ್ನತ್ತ ನೋಡದೆ.

ಷಡ್ಡಕ ನನ್ನ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ನೀವು ದೇವ್ರು! ಯಾವ ಬೋಳೀಮಗ ಹಾಕಿದ್ನೋ ಆ ಎಣ್ಣೆ!"

ಹೆಂಡತಿ ನನ್ನ ಮುಖ ನೋಡಿದಳು. ಮೆಕ್ಯಾನಿಕ್ ನೋಡಿದ. ದೇವರು ಬಾಯಿ ಬಿಡಲೇಬೇಕಾಯಿತು.

ಕೇಳಿ ಅವನು ನನ್ನ ಕೈ ಬಿಟ್ಟ. ಆಮೇಲೆ ಅಂದ: "ಅಲ್ಲ ಅಣ್ಣಾ, ಜೀವಮಾನ ಪೂರ್ತಿ ಸರ್ವೆ ನಂಬರ್ ನೋಡಿ ಊಟ ಮಾಡಿದೋರು ನೀವು. ಕಾರಿನ ನಂಬರ್ ಒಂದು ನೋಡೋಕಾಗ್ಲಿಲ್ವ?"

"ಹೇಗಪ್ಪ ನೋಡಲಿ? ನಿನ್ನ ಹೆಂಡತಿ, ನನ್ನ ಹೆಂಡತಿ ಸೇರಿ ಎರಡೂ ಕಾರಿನ ನಂಬರಿನ ಮೇಲೆ ಗೇಣುದ್ದ ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಎರಡರ ಗಾಜಿನ ಮೇಲೂ ವಿಭೂತಿ, ಎರಡಕ್ಕೂ ಬಾಳೆಕಂದು, ಇಂಜಿನ್ನಿಗೆ ಕುಂಕುಮ ಹಚ್ಚಲು ಎರಡರ ಬಾನೆಟ್ಟೂ ಎತ್ತಿತ್ತು. ಕುಂಕುಮ ಹಚ್ಚಿಸಿಕೊಳ್ಳದೆ ಉಳಿದದ್ದು ನಾನೊಬ್ಬನೇ. ಆ ಟಿಲ್ಲರಿನ ಎಣ್ಣೆ ಡಬ್ಬಿಗೂ ಮೂರು ಬೆರಳು ಬಳಿದಿದ್ದಿರಿ, ತೀರ್ಥವೇ ಇರಬೇಕೆಂದು ಸುರಿದೆ! ಅವತ್ತು ಯಾವ ದಿನ, ನೀನೇ ನೆನಪು ಮಾಡಿಕೊ: ಆಯುಧಪೂಜೆ, ಮಧ್ಯಾಹ್ನ, ಹೋಳಿಗೆ ಊಟಕ್ಕೆ ಎಲೆ ಹಾಕುವ ಮೊದಲು."