ದಿಂಬಿನಂಗಡಿಗೆ ಲಿಫ್ಟ್ ಹಾಕಿದ್ದು

ಲಿಫ್ಟ್ ತಾತನ ಆರಾಮಕುರ್ಚಿಯಲ್ಲಿ ಅಂದು ಬೆಳಿಗ್ಗೆ ದಿಂಬುಗಳು ಕೂತಿದ್ದವು. ಬರೀ ಕೂತಿದ್ದರೆ ಬೇರೆ ಮಾತು. ಕಾಲು ಚಾಚಿಕೊಂಡು, ಹೊಟ್ಟೆ ಉಬ್ಬಿಸಿಕೊಂಡು, ಈ ಮನೆಯ ಯಜಮಾನಿಕೆ ತಮ್ಮದೇ ಎನ್ನುವ ಹಾಗೆ ಕೂತಿದ್ದವು. (ದಿಂಬಿಗೆ ಕಾಲೆಲ್ಲಿ ಎಂದು ಕೇಳಬೇಡಿ. ಆ ಮನೆಯ ದಿಂಬುಗಳನ್ನು ನೀವು ನೋಡಿಲ್ಲ.)

"ಏನೇ, ನಾನೆಲ್ಲಿ ಕೂತ್ಕೊಳ್ಲಿ?"

"ನಿಂತ್ಕೊಳ್ಳಿ. ಇಡೀ ಜೀವಮಾನ ಲಿಫ್ಟೊಳಗೆ ನಿಂತವರಿಗೆ ಇವತ್ತೇನು ಹೊಸದಾ?" ಅಂದಳು ಅಜ್ಜಿ, ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ.

ತಾತ ಲಿಫ್ಟ್ ಮೆಕ್ಯಾನಿಕ್ಕಾಗಿ ದುಡಿದು ನಿವೃತ್ತನಾದವನು. ಅವನು ಕೈಯಿಟ್ಟ ಲಿಫ್ಟು ಒಂದು ದಿನವೂ ನಡುದಾರಿಯಲ್ಲಿ ನಿಂತದ್ದಿಲ್ಲ. ಆದರೆ ಲಿಫ್ಟೊಂದು ಬಿಟ್ಟು ಈ ಭೂಮಂಡಲದ ಬೇರಾವ ವಸ್ತುವೂ ಅವನ ಕೈಗೆ ಸಿಕ್ಕಿ ಜೀವಂತ ಉಳಿದದ್ದೂ ಇಲ್ಲ. ಅಜ್ಜಿ ದಿಂಬು ಹೊಲಿಯುವವಳು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅವಳ ಅಂಗಡಿ. ಕುತ್ತಿಗೆ ನೋವಿನವರಿಗೊಂದು ದಿಂಬು, ಮಗ್ಗುಲಲ್ಲಿ ಮಲಗುವವರಿಗೊಂದು, ಗೊರಕೆಯವರಿಗೊಂದು, ಗೊರಕೆಯವರ ಪಕ್ಕ ಮಲಗುವ ದುರ್ದೈವಿಗಳಿಗೆ ಕಿವಿ ಮುಚ್ಚುವಂಥ ಇನ್ನೊಂದು.

ಮೊದಲೆಲ್ಲ ಜನ ಬಾಗಿಲಿಗೇ ಬಂದು ಒತ್ತಿ ನೋಡಿ ಕೊಳ್ಳುತ್ತಿದ್ದರು. ಈಗ ಎಲ್ಲರೂ ಫೋನಿನಲ್ಲಿ ಹುಡುಕುತ್ತಾರೆ. ಹುಡುಕಿದರೆ ಮೊದಲು ಬರುವುದು ಮುಖ್ಯರಸ್ತೆಯ ದೊಡ್ಡ ಅಂಗಡಿ. ಮಗಳು ಮುತುವರ್ಜಿಯಿಂದ ಕಟ್ಟಿಕೊಟ್ಟಿದ್ದ ಅಜ್ಜಿಯ ವೆಬ್‌ಸೈಟು ಇರುವುದು ಎಲ್ಲಕ್ಕಿಂತ ಕೊನೆಯ ಪುಟದಲ್ಲಿ. ಅದರಾಚೆ ಬರೀ ಕತ್ತಲೆ. ಹಾಗಾಗಿ ದಿಂಬುಗಳು ಅಂಗಡಿ ತುಂಬಿ, ನಡುಮನೆ ತುಂಬಿ, ಈಗ ಕುರ್ಚಿಗೆ ಬಂದಿದ್ದವು.

"ಈ ತಿಂಗಳು ನೋಡ್ತೀನಿ. ವ್ಯಾಪಾರ ಆಗ್ಲಿಲ್ಲ ಅಂದ್ರೆ ಮೆಷಿನ್ ಮಾರಿ ಸುಮ್ನೆ ಮನೇಲಿ ಕೂತ್ಬಿಡ್ತೀನಿ" ಅಂದಳು ಅಜ್ಜಿ. ಅಂದವಳು ಮೆಷಿನ್ನಿನ ಮೇಲೆ ಒಮ್ಮೆ ಕೈಯಾಡಿಸಿದಳು, ಮಗುವಿನ ತಲೆ ಸವರಿದ ಹಾಗೆ.

ತಾತನಿಗೆ ಎರಡು ಚಿಂತೆ ಹತ್ತಿಕೊಂಡವು. ಅಜ್ಜಿಯ ಮುಖ ಸಪ್ಪಗಾದದ್ದನ್ನು ನೋಡಲಾಗಲಿಲ್ಲ, ಅದು ಒಂದು. ಇನ್ನೊಂದು, ದಿನವಿಡೀ ಸೂಜಿಯ ಮೇಲೆ ನೆಟ್ಟಿರುತ್ತಿದ್ದ ಆ ತೀಕ್ಷ್ಣ ದೃಷ್ಟಿ ನಾಳೆಯಿಂದ ಪೂರ್ತಿ ತನ್ನ ಮೇಲೇ ಬೀಳುತ್ತದಲ್ಲ!

"ಮೇಲಕ್ಕೆ ಹತ್ತಿಸ್ಬೇಕು, ಅಷ್ಟೇ ತಾನೆ? ಅದೇ ನನ್ನ ಕಸುಬು. ನಾನ್ ಹತ್ತಿಸ್ತೀನಿ" ಎಂದು ತಾತ ಎದೆ ತಟ್ಟಿಕೊಂಡ.

ಸಂಜೆ ಕಚೇರಿಯಿಂದ ಬಂದ ಮಗಳನ್ನು ಅವಳು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡ.

"ನಮ್ಮ ಅಂಗಡಿ ಮೇಲಕ್ಕೆ ಹೋಗ್ಬೇಕು ಅಂದ್ರೆ ಏನ್ ಮಾಡ್ಬೇಕಮ್ಮ?"

"ಬೇರೆಯವರು ಅವರವರ ವೆಬ್‌ಸೈಟಲ್ಲಿ ನಮ್ಮ ಕಡೆಗೊಂದು ಲಿಂಕ್ ಹಾಕ್ಬೇಕಪ್ಪ. 'ಒಳ್ಳೇ ದಿಂಬು ಬೇಕಾ, ಇಲ್ಲಿ ಒತ್ತಿ' ಅಂತ. ಒತ್ತಿದ್ರೆ ನಮ್ಮ ಪುಟ ತೆರ್ಕೊಳ್ಳುತ್ತೆ. ಹಂಗೆ ತುಂಬಾ ಜನ ಹಾಕಿದ್ರೆ ಆ ಹುಡುಕೋ ಯಂತ್ರ, 'ಓಹೋ, ಇವರ್ಯಾರೋ ಮರ್ಯಾದಸ್ಥರು' ಅಂದ್ಕೊಂಡು ನಮ್ಮನ್ನ ಮೇಲಕ್ಕೆ ತರುತ್ತೆ."

ತಾತ ಕಣ್ಣು ಕಿರಿದು ಮಾಡಿ ಯೋಚಿಸಿದ. "ಅಂದ್ರೆ ಇನ್ನೊಬ್ರು ನಮ್ಮ ಕಡೆ ಬೆರಳು ಮಾಡಿ ತೋರ್ಸಿದ್ರೆ ನಾವು ಮೇಲಕ್ಕೆ ಹೋಗ್ತೀವಿ?"

"ಹೂಂ."

"ನನ್ ಕಡೆ ಯಾರು ಬೆರಳು ಮಾಡಿದಾಗ್ಲೂ ನಾನು ಕೆಳಕ್ಕೇ ಹೋಗಿರೋದಲ್ವೇನಮ್ಮ?"

"ಅದು ಬೇರೆ ಬೆರಳು ಬಿಡಿ" ಎಂದು ಒಳಗಿನಿಂದ ಅಜ್ಜಿಯ ದನಿ ಬಂತು.

"ಆದ್ರೆ ಅಪ್ಪಾ, ಅವರಾಗವರೇ ಮನಸಾರೆ ಹಾಕ್ಬೇಕು. ನಾವೇ ದುಂಬಾಲು ಬಿದ್ದು ಹಾಕ್ಸಿದ್ರೆ ಯಂತ್ರಕ್ಕೆ ಗೊತ್ತಾಗ್ಬಿಡುತ್ತೆ."

"ಯಂತ್ರಕ್ಕೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ."

ತಾತನಿಗೆ ಈ ಕೊನೆಯ ಮಾತು ತಲೆಗೇ ಹತ್ತಲಿಲ್ಲ. ಲಿಫ್ಟಿಗೆ ಹಗ್ಗ ಹೆಚ್ಚಾದಷ್ಟೂ ಭದ್ರ. ಹಗ್ಗಕ್ಕೆಲ್ಲಿಯ ಮನಸ್ಸು, ಎಲ್ಲಿಯ ಸಾರ? ಲಿಂಕು ಎಂದರೆ ಹಗ್ಗ. ಸಿಕ್ಕ ಕಡೆಯೆಲ್ಲ ಕಟ್ಟಿ ಎಳೆದರಾಯಿತು ಎಂದು ತೀರ್ಮಾನಿಸಿ ಮಲಗಿದ. (ಮಲಗಲು ಮಂಚದಲ್ಲಿ ಜಾಗವಿರಲಿಲ್ಲ. ಅಲ್ಲೂ ದಿಂಬುಗಳಿದ್ದವು.)

ಮಾರನೆಯ ದಿನ ದಿಗ್ವಿಜಯ ಯಾತ್ರೆ ಹೊರಟಿತು. ಮೊದಲ ಬೇಟೆ ಹಲ್ಲಿನ ಡಾಕ್ಟರು.

"ಹಲ್ಲಿಗೂ ದಿಂಬಿಗೂ ಏನು ಸಂಬಂಧಾರೀ?" ಅಂದರು ಡಾಕ್ಟರು, ಕೈಯಲ್ಲಿ ಇಕ್ಕಳ ಹಿಡಿದೇ.

"ಹಲ್ಲು ಕಿತ್ತಮೇಲೆ ಮನುಷ್ಯ ತಲೆ ಎಲ್ಲಿ ಇಡ್ತಾನೆ ಡಾಕ್ಟ್ರೇ?"

ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿ ಹೌದೆಂಬಂತೆ ತಲೆಯಾಡಿಸಿದ. ಡಾಕ್ಟರು ಪೀಡೆ ತೊಲಗಿದರೆ ಸಾಕೆಂದು ಲಿಂಕು ಹಾಕಿಸಿದರು. ಆಮೇಲೆ ಕ್ಷೌರಿಕ, ಡ್ರೈವಿಂಗ್ ಸ್ಕೂಲಿನವನು, ಬಣ್ಣದ ಮೀನು ಮಾರುವವನು. ಮೀನಿನವನು ಮಾತ್ರ, "ಮೀನಿಗೆ ದಿಂಬು ಬೇಕಾಗಲ್ಲ ತಾತ" ಎಂದು ಪಟ್ಟು ಹಿಡಿದ. "ಅದಕ್ಕೇ ಅವು ಕಣ್ಣು ಬಿಟ್ಕೊಂಡು ಮಲಗೋದು" ಎಂದ ತಾತ. ಅಲ್ಲೂ ಲಿಂಕು ಬಿತ್ತು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮೀನಿನವನ ಅಂಗಡಿಯಲ್ಲೇ ತಾತನಿಗೆ ಒಂದು ಮಹಾ ಜ್ಞಾನೋದಯವಾಯಿತು. ಎಷ್ಟೋ ಪುಟಗಳ ಕೆಳಗೆ 'ನಿಮ್ಮ ಅಭಿಪ್ರಾಯ ಬರೆಯಿರಿ' ಎಂಬ ಖಾಲಿ ಜಾಗವಿದೆ! ಯಾರನ್ನೂ ಕೇಳಬೇಕಾಗಿಲ್ಲ, ಇಕ್ಕಳ ಹಿಡಿದವರ ಮುಂದೆ ಹಲ್ಲು ಗಿಂಜಬೇಕಾಗಿಲ್ಲ. ತಾತ ಫೋನ್ ಹಿಡಿದು ಕೂತ. ಫುಟ್‌ಬಾಲ್ ಸುದ್ದಿಯ ಕೆಳಗೆ, 'ಗೋಲ್‌ಕೀಪರ್ ಬಿದ್ದ ಜಾಗದಲ್ಲಿ ನಮ್ಮ ದಿಂಬಿದ್ದಿದ್ದರೆ ಮೊಣಕೈ ಉಳಿಯುತ್ತಿತ್ತು' ಎಂದು ಬರೆದು ಲಿಂಕು. ಚಂದ್ರಗ್ರಹಣದ ಲೇಖನದ ಕೆಳಗೆ, 'ಗ್ರಹಣ ನೋಡುವಾಗ ಕುತ್ತಿಗೆಗೆ' ಎಂದು ಲಿಂಕು. ಯಾರೋ ಹಿರಿಯರು ತೀರಿಕೊಂಡ ಸುದ್ದಿಯ ಕೆಳಗೆ, 'ತುಂಬಾ ದುಃಖವಾಯಿತು. ನಮ್ಮ ದಿಂಬಿನ ಮೇಲೆ ಮಲಗಿದ್ದರೆ ಬೆಳಿಗ್ಗೆ ಏಳುತ್ತಿದ್ದರೋ ಏನೋ. ಒಮ್ಮೆ ಭೇಟಿ ಕೊಡಿ.'

ಕೆಲವು ದಿನ ಹೀಗೆ ನಡೆಯಿತು. ತಾತನ ಹೆಬ್ಬೆರಳು ಊದಿ ಸಣ್ಣ ದಿಂಬಿನಂತಾಯಿತು. ಆಮೇಲೊಂದು ಬೆಳಿಗ್ಗೆ ಮಗಳು ಹುಡುಕಿ ನೋಡಿದರೆ ವೆಬ್‌ಸೈಟು ಕೊನೆಯ ಪುಟದಲ್ಲೂ ಇಲ್ಲ! ಅಂಗಡಿಯ ವಿಳಾಸ ಪೂರ್ತಿ ಬರೆದು ಹುಡುಕಿದರೂ ಪಕ್ಕದ ಬೀದಿಯ ಬೇಕರಿ ತೋರಿಸುತ್ತಿತ್ತು.

"ಅಪ್ಪಾ, ಏನ್ ಮಾಡಿದ್ರಿ?"

"ಹಗ್ಗ ಕಟ್ಟಿದೆ."

"ಎಲ್ಲೆಲ್ಲಿ?"

"ಎಲ್ಲೆಲ್ಲಿ ಇಲ್ಲ ಅಂತ ಕೇಳು, ಬೇಗ ಮುಗಿಯುತ್ತೆ."

ಮಗಳು ತಲೆ ಮೇಲೆ ಕೈ ಹೊತ್ತು ಕೂತಳು. "ಯಂತ್ರಕ್ಕೆ ಗೊತ್ತಾಗಿ ನಮ್ಮನ್ನ ಆಚೆಗೇ ಹಾಕ್ಬಿಟ್ಟಿದೆ. ಹೇಳಿರ್ಲಿಲ್ವಾ ನಾನು?"

ತಾತ ಗೊಂದಲದಲ್ಲಿ ಬಿದ್ದ. ಹಗ್ಗ ಹೆಚ್ಚಾದರೆ ಲಿಫ್ಟು ಮೇಲೆ ಹೋಗದಿರಬಹುದು, ಒಪ್ಪೋಣ. ಆದರೆ ಕಟ್ಟಡದ ಸಮೇತ ಮಾಯವಾಗುವುದು ಯಾವ ಶಾಸ್ತ್ರ? ಇದನ್ನು ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಂಡಿತು. ಅಜ್ಜಿ ಎತ್ತಿದಳು. ಎಷ್ಟು ದಿನವಾಗಿತ್ತು ಗಿರಾಕಿಯ ಫೋನು ಬಂದು! ದನಿಯಲ್ಲಿ ಜೇನು ಸುರಿಸಿ, "ಹೇಳೀಪ್ಪಾ, ಎಷ್ಟು ದಿಂಬು ಬೇಕು?" ಅಂದಳು.

"ದಿಂಬಲ್ಲಮ್ಮ. ನಮ್ಮ ತಂದೆ ತೀರ್ಕೊಂಡಿರೋ ಪುಟದಲ್ಲಿ ಅದೇನ್ರಮ್ಮಾ ನೀವು ಬರ್ದಿರೋದು?"

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಮೆಲ್ಲಗೆ ಫೋನ್ ಇಟ್ಟಳು. ತಾತನ ಕಡೆ ತಿರುಗಿದಳು. ತಾತ ಹತ್ತಿರದಲ್ಲಿದ್ದ ದಿಂಬೊಂದನ್ನು ಎದೆಗೆ ಅಡ್ಡ ಹಿಡಿದುಕೊಂಡ.

ಆದರೆ ಅಜ್ಜಿ ಬೈಯಲಿಲ್ಲ. ಅದಕ್ಕೇ ತಾತನಿಗೆ ಇನ್ನೂ ಹೆಚ್ಚು ಭಯವಾಯಿತು. "ನಾನ್ ಹೇಳ್ತೀನಿ, ನೀನು ವೆಬ್‌ಸೈಟಲ್ಲಿ ಬರೀ. ಎಲ್ಲರ ಹತ್ರಾನೂ ಕ್ಷಮೆ ಕೇಳ್ಬೇಕು" ಎಂದು ಮಗಳನ್ನು ಕೂರಿಸಿ ಹೇಳತೊಡಗಿದಳು. ಬರೆದದ್ದು ಇಷ್ಟು:

'ದಯವಿಟ್ಟು ಕ್ಷಮಿಸಿ. ನಿಮ್ಮ ಪುಟಗಳ ಕೆಳಗೆ ದಿಂಬಿನ ವಿಷಯ ಬರೆದದ್ದು ನಾನಲ್ಲ, ನನ್ನ ಯಜಮಾನರು. ಇವರು ರಿಪೇರಿ ಮಾಡಿದಾಗಿನಿಂದ ನಮ್ಮ ಮನೆಯ ಕರೆಗಂಟೆ ಒತ್ತಿದರೆ ಸ್ನಾನದ ಕೋಣೆಯ ದೀಪ ಆರುತ್ತದೆ. ಒಳಗಿರುವವರು ಕೂಗಿಕೊಳ್ಳುತ್ತಾರೆ. ಆ ಕೂಗು ಕೇಳಿ ಯಾರೋ ಬಂದಿದ್ದಾರೆಂದು ನಾನು ಬಾಗಿಲು ತೆರೆಯುತ್ತೇನೆ. ಆದ್ದರಿಂದ ಗಂಟೆ ಸರಿಯಾಗಿಯೇ ಇದೆ ಎಂಬುದು ಇವರ ವಾದ. ಇವರು ಬಿಚ್ಚಿ ಜೋಡಿಸಿದ ಗೋಡೆ ಗಡಿಯಾರ ಹಿಂದಕ್ಕೆ ಓಡುತ್ತಿದೆ. ಅದರ ಪ್ರಕಾರ ನಮಗಿನ್ನೂ ಮದುವೆಯಾಗಿಲ್ಲ. ಅದರ ಮಾತು ನಿಜವಾಗಲಿ ಎಂದು ದಿನವೂ ಅದರ ಮುಂದೆ ನಿಲ್ಲುತ್ತೇನೆ. ಇಂಥವರ ಜೊತೆ ಬಾಳಿಯೂ ರಾತ್ರಿ ನನಗೆ ನಿದ್ದೆ ಬರುತ್ತದೆಂದರೆ ಅದಕ್ಕೆ ನನ್ನ ದಿಂಬೊಂದೇ ಕಾರಣ.'

ಕೆಳಗೆ ತಾತನ ಫೋಟೋ: ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವುದು, ಸುತ್ತ ದಿಂಬಿನ ಪರ್ವತಶ್ರೇಣಿ.

ಮಗಳು ಇದನ್ನು ಮೊದಲು ಕಳಿಸಿದ್ದು ತಂದೆಯನ್ನು ಕಳೆದುಕೊಂಡ ಆ ಮನುಷ್ಯನಿಗೆ. ಸಂಜೆಗೆ ಅವನೇ ಫೋನ್ ಮಾಡಿದ. "ಅಮ್ಮಾ, ನಮ್ಮ ತಾಯಿಗೆ ಓದಿ ಹೇಳಿದೆ. ಅಪ್ಪ ಹೋದಮೇಲೆ ಇವತ್ತೇ ಅವರು ನಕ್ಕಿದ್ದು. ನಮ್ಮ ಮನೆಯವರ ಪುಟದಲ್ಲೆಲ್ಲ ನಿಮ್ಮ ಲಿಂಕ್ ಹಾಕಿದೀವಿ. ತಾಯಿಗೊಂದು ದಿಂಬು ಕಳಿಸ್ತೀರಾ?"

ಅಲ್ಲಿಂದ ಶುರುವಾಯಿತು ನೋಡಿ. ಫುಟ್‌ಬಾಲಿನವರು ಹಾಕಿದರು, ಗ್ರಹಣದವರು ಹಾಕಿದರು, ಮನೆಯಲ್ಲೊಬ್ಬ ಇಂಥ ಗಂಡನಿರುವ ಹೆಂಗಸರೆಲ್ಲ ಹಾಕಿದರು. (ಎಷ್ಟು ಜನ ಎಂದು ಕೇಳಬೇಡಿ. ಭೂಮಿಯ ತೂಕ ಒಂದು ಕಡೆಗೆ ವಾಲಿತಂತೆ.) ಯಾರೂ ಕೇಳಿರಲಿಲ್ಲ, ಎಲ್ಲರೂ ಮನಸಾರೆ ಹಾಕಿದ್ದು. ಮಗಳು ತಾತನ ಹಗ್ಗಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಸಿದಳು. ತಿಂಗಳು ಮುಗಿಯುವಷ್ಟರಲ್ಲಿ 'ದಿಂಬು' ಎಂದು ಹುಡುಕಿದರೆ ಮೊದಲು ಬರುವುದು ಅಜ್ಜಿಯ ಅಂಗಡಿ. ಮನೆಯಲ್ಲಿದ್ದ ದಿಂಬೆಲ್ಲ ಖರ್ಚಾಗಿ, ಮೆಷಿನ್ನು ಮಾರುವ ಮಾತು ಹೋಗಿ, ಇನ್ನೊಂದು ಮೆಷಿನ್ನು ಕೊಳ್ಳುವ ಮಾತು ಬಂತು.

"ನೋಡಿದ್ಯಾ? ಹತ್ತಿಸ್ತೀನಿ ಅಂದೆ, ಹತ್ತಿಸ್ದೆ!" ಎಂದು ತಾತ ಬೀಗಿದ.

"'ಕೆಲಸಕ್ಕೆ ಬಾರದ ಗಂಡ' ಅಂತ ಹುಡುಕಿ ನೋಡಿ" ಅಂದಳು ಅಜ್ಜಿ.

ತಾತ ಹುಡುಕಿದ. ಮೊದಲ ಸ್ಥಾನ. ಅವನದೇ ಫೋಟೋ. ತಾನು ಗೆದ್ದೆನೋ ಸೋತೆನೋ ತಿಳಿಯದೆ ತುಂಬಾ ಹೊತ್ತು ತನ್ನ ತೆರೆದ ಬಾಯಿಯನ್ನೇ ನೋಡುತ್ತ ಕೂತ.

ಅಷ್ಟರಲ್ಲಿ ಓದುಗರ ಒತ್ತಾಯ ಶುರುವಾಯಿತು: ತಾತ ಈಗ ಏನು ಹಾಳು ಮಾಡಿದರು? ಹೊಸದು ಬರೆಯಿರಿ! ಅಜ್ಜಿ ಒಂದು ಮಧ್ಯಾಹ್ನ, ಚೆನ್ನಾಗಿಯೇ ನಡೆಯುತ್ತಿದ್ದ ಇಸ್ತ್ರಿಪೆಟ್ಟಿಗೆಯನ್ನೂ ಒಂದು ಸ್ಕ್ರೂಡ್ರೈವರನ್ನೂ ತಂದು ತಾತನ ಮುಂದಿಟ್ಟಳು. ಮಗಳು ಕ್ಯಾಮೆರಾ ಹಿಡಿದು ನಿಂತಳು.

"ರೀ, ಇದನ್ನ ಸ್ವಲ್ಪ ರಿಪೇರಿ ಮಾಡಿ."

"ಚೆನ್ನಾಗೇ ಇದೆಯಲ್ಲೇ?"

"ಅದಕ್ಕೇ."

ತಾತ ಬಿಚ್ಚಿದ. ತಂತಿ ಎಳೆದ, ಏನೇನೋ ತಿರುಗಿಸಿದ, ಮತ್ತೆ ಮುಚ್ಚಿದ. ಒಂದು ಹಿಡಿ ಸ್ಕ್ರೂ ಮಿಕ್ಕಿತು. ಅಜ್ಜಿಯ ಮುಖ ಅರಳಿತು. ಎಲ್ಲರೂ ದೂರ ಸರಿದು ಕಿವಿ ಮುಚ್ಚಿಕೊಂಡ ಮೇಲೆ ಸ್ವಿಚ್ಚು ಹಾಕಿದರು. ಇಸ್ತ್ರಿಪೆಟ್ಟಿಗೆ ಹಿತವಾಗಿ ಬಿಸಿಯಾಯಿತು. ಕೊಂಡ ದಿನದಿಂದ ಒಮ್ಮೆಯೂ ಉರಿಯದಿದ್ದ ಅದರ ಕೆಂಪು ದೀಪವೂ ಪಳಪಳನೆ ಹೊತ್ತಿಕೊಂಡಿತು.

ಅಜ್ಜಿ ಹಣೆ ಚಚ್ಚಿಕೊಂಡಳು. "ಒಂದು ಕೆಲಸ! ಹಾಳು ಮಾಡಿ ಅಂತ ಒಂದೇ ಒಂದು ಕೆಲಸ ಕೊಟ್ರೆ ಅದನ್ನೂ ನೆಟ್ಟಗೆ ಮಾಡಕ್ಕೆ ಬರಲ್ವಲ್ರೀ ನಿಮಗೆ! ಬರ್ಕೋ ಮಗಳೇ, ಇದನ್ನೇ ಬರ್ಕೋ."

"ಅಲ್ವೇ, ನಾನು ಸರಿಯಾಗೇ ಮಾಡಿದ್ನಲ್ಲೇ!"

"ಅದನ್ನೂ ಬರ್ಕೋ" ಅಂದಳು ಅಜ್ಜಿ. "ಪಶ್ಚಾತ್ತಾಪ ಅನ್ನೋದು ಸಹ ಇಲ್ಲ."