ರೇಡಿಯೋ ಅಂಗಡಿಯ ಬೆತ್ತದ ಕುರ್ಚಿ

ಅಕ್ಕನಿಗೆ ಒಂದು ರೇಡಿಯೋ ತಂದುಕೊಡಲು ನನ್ನಿಂದ ಆಗಲಿಲ್ಲ. ದುಡ್ಡು ಇರಲಿಲ್ಲವೆಂದಲ್ಲ, ಅವಳೇ ಬೀಡಿ ಕಟ್ಟಿ ಉಳಿಸಿದ ದುಡ್ಡು ಕರವಸ್ತ್ರದ ಗಂಟಿನಲ್ಲಿ ನನ್ನ ಜೇಬಿನಲ್ಲೇ ಇತ್ತು. ಅಂಗಡಿ ಇರಲಿಲ್ಲವೆಂದೂ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಪೇಟೆಗಳ ರೇಡಿಯೋ ಅಂಗಡಿಯ ಮೆಟ್ಟಿಲು ನನ್ನ ಕಾಲಿಗೆ ಗುರುತಾಗಿತ್ತು. ಆದರೂ ಒಂದೂವರೆ ವರ್ಷ ನಾನು ಹೋದೆ, ಬಂದೆ, ಪ್ರತಿ ಸಲವೂ ರೇಡಿಯೋ ಇಲ್ಲದೆ ಬಂದೆ. ಈಗ ಅದನ್ನು ನೆನೆಸಿಕೊಂಡರೆ ಆ ಬಸ್ಸುಗಳ ಧೂಳೆಲ್ಲ ಮತ್ತೊಮ್ಮೆ ಮೈಮೇಲೆ ಬಂದು ಕೂತ ಹಾಗೆ ಸುಸ್ತಾಗುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆಯುವ ಅಭ್ಯಾಸ ನನಗಿಲ್ಲ. ಚೌಕಾಸಿಯ ಅಭ್ಯಾಸ ಚೆನ್ನಾಗಿತ್ತು, ತೊಂದರೆಯಾದದ್ದು ಅದರಿಂದಲೇ.

ನಮ್ಮ ಕಡೆ ವ್ಯಾಪಾರವೆಂದರೆ ಎದ್ದು ಹೋಗುವುದು. ಬೆಲೆ ಕೇಳಬೇಕು, ಮುಖ ಸಿಂಡರಿಸಬೇಕು, ತೀರ ಕಡಿಮೆ ಹೇಳಬೇಕು, ಆಮೇಲೆ 'ಬೇಡ ಬಿಡಿ' ಎಂದು ಎದ್ದು ಹೊರಡಬೇಕು. ಈ ನಡಿಗೆಗೆ ಒಂದು ಕ್ರಮ ಉಂಟು. ಅವಸರ ಮಾಡಿದರೆ ನಿಜವಾಗಿಯೂ ಹೊರಟ ಹಾಗಾಗುತ್ತದೆ. ತಿರುಗಿ ನೋಡಿದರೆ ಆಸೆ ಉಂಟೆಂದು ಗೊತ್ತಾಗುತ್ತದೆ. ಮೆಲ್ಲಗೆ, ಬೆನ್ನು ನೆಟ್ಟಗೆ ಇಟ್ಟುಕೊಂಡು ನಡೆಯುತ್ತಿರಬೇಕು. ಆಗ ಹಿಂದಿನಿಂದ 'ಹೋಯ್, ಬನ್ನಿ ಇಲ್ಲಿ' ಎಂಬ ಕರೆ ಬರುತ್ತದೆ. ಆ ಕರೆಯ ನಂತರ ಹೇಳಿದ್ದೇ ನಿಜವಾದ ಬೆಲೆ. ನಮ್ಮ ಊರು ಮಡಂತ್ಯಾರಿನ ಸುತ್ತಮುತ್ತ ಈ ನಡಿಗೆಯಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ನಾನು ಬುಟ್ಟಿಯ ಎದುರಿನಿಂದ ಎದ್ದರೆ ಮೀನು ಮಾರುವ ಹೆಂಗಸು, "ಇವನ ಬೆನ್ನು ನೋಡಿಯೇ ನನ್ನ ಬಂಗುಡೆ ಹಳಸಿತು" ಎಂದು ಬೈದುಕೊಂಡೇ ಕರೆಯುತ್ತಿದ್ದಳು. ಎಮ್ಮೆ ಕೊಳ್ಳುವವರು, ಮದುವೆಗೆ ಪಾತ್ರೆ ಕೊಳ್ಳುವವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ನೆಂಟರ ಮದುವೆಯ ಜವಳಿಗೆಂದು ಬಂಟ್ವಾಳಕ್ಕೆ ಹೋದಾಗ ಹೀಗೆಯೇ ಎದ್ದು ಹೊರಟೆ. ಅಂಗಡಿಯವರು ಕರೆಯಲಿಲ್ಲ. ನಾನು ನಡೆದೆ, ಮತ್ತೂ ನಡೆದೆ, ಕೊನೆಗೆ ನದಿ ಸಿಕ್ಕಿತು, ಕಟ್ಟೆಯ ಮೇಲೆ ಕೂತೆ. ನೆಂಟರು ಅಷ್ಟರಲ್ಲಿ ಸೀರೆ ಕೊಂಡು, ಹೋಟೆಲಿನಲ್ಲಿ ಊಟ ಮಾಡಿ, ಬಸ್ಸು ಹತ್ತಿ ಹೋಗಿದ್ದರು. ಕರೆಯದಿದ್ದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅಕ್ಕನ ವಿಷಯ ಹೇಳಬೇಕು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಸಾಕಿದವಳು ಅವಳು. ಮದುವೆಯಾಗಿ ಹೋದವಳು ಗಂಡನನ್ನು ಕಳೆದುಕೊಂಡು ತಿರುಗಿ ಬಂದಳು. ಬಂದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವುದೇ ಅವಳ ಕೆಲಸವಾಯಿತು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಟುವುದು, ನೂಲು ಸುತ್ತುವುದು. ನಾನು ಅಕ್ಕಿಗಿರಣಿಯ ಕೆಲಸಕ್ಕೆ ಹೋದರೆ ಮನೆಯಲ್ಲಿ ಮಾತಾಡಲು ಒಂದು ಬೆಕ್ಕೂ ಇಲ್ಲ. ಒಂದು ದಿನ ಅವಳು ಕೆಲಸ ನಿಲ್ಲಿಸದೆ ಹೇಳಿದಳು: "ಕೈಗೆ ಕೆಲಸ ಉಂಟು, ಕಣ್ಣಿಗೂ ಉಂಟು. ಕಿವಿ ಮಾತ್ರ ಖಾಲಿ ಕೂತಿರ್ತದೆ ಮಾರಾಯ. ಅದಕ್ಕೂ ಎಂತಾದರೂ ಕೊಡುವ." ಮೇಲಿನ ಮನೆಯ ಶೆಟ್ಟರ ಮಗ ಬೊಂಬಾಯಿಯ ಹೋಟೆಲಿನಿಂದ ಒಂದು ರೇಡಿಯೋ ತಂದಿದ್ದ. ಅಕ್ಕ ಆಗಾಗ ಮೊರ ಹಿಡಿದುಕೊಂಡು ಅವರ ಜಗಲಿಯ ತುದಿಗೆ ಹೋಗಿ ಕೂತು ಬೀಡಿ ಕಟ್ಟುತ್ತಿದ್ದಳು. ರೇಡಿಯೋ ಕೇಳಿದ ದಿನ ಅವಳ ಬೀಡಿಗಳು ಒಂದು ಗೆರೆ ಹೆಚ್ಚೇ ನೇರವಾಗಿರುತ್ತಿದ್ದವು.

ದುಡ್ಡು ಒಟ್ಟಾದ ದಿನ ಗಂಟನ್ನು ನನ್ನ ಕೈಯಲ್ಲಿಟ್ಟು, "ನಿನಗೆ ಬೆಲೆ ಚರ್ಚೆ ಮಾಡಲು ಗೊತ್ತುಂಟಲ್ಲ, ನೀನೇ ತಾ" ಎಂದಳು. ನಾನು ಬಂಟ್ವಾಳ ಪೇಟೆಯ ಮೋನು ಬ್ಯಾರಿಯವರ ಅಂಗಡಿಗೆ ಹೋದೆ. ಟಾರ್ಚು, ಗಡಿಯಾರಗಳ ನಡುವೆ ಬ್ಯಾಟರಿ ರೇಡಿಯೋಗಳನ್ನೂ ಮಾರುತ್ತಿದ್ದವರು. ನನ್ನನ್ನು ನೋಡಿದ ಕೂಡಲೇ ಬೆತ್ತದ ಕುರ್ಚಿಯೊಂದನ್ನು ಎಳೆದು, ಹೆಗಲಿನ ಬಟ್ಟೆಯಿಂದ ಒರೆಸಿ, "ಬನ್ನಿ ಧಣಿ, ಕೂತುಕೊಳ್ಳಿ" ಎಂದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಗಿರಣಿಯಲ್ಲಿ ನನ್ನ ಹೆಸರು 'ಏಯ್'. ಅಲ್ಲಿ ಕುರ್ಚಿ ಇರುವುದು ಒಂದೇ, ಅದರಲ್ಲಿ ಕೂತವರು ಕರೆಯುತ್ತಾರೆ, ನಾವು ಗೋಣಿ ಹೊತ್ತುಕೊಂಡು ಓಡುತ್ತೇವೆ. ಇಲ್ಲಿ ಕೂತದ್ದು ನಾನು. ಗೋಲಿ ಸೋಡಾ ಬಂತು. ಬ್ಯಾರಿಯವರು ರೇಡಿಯೋ ಹಚ್ಚಿ, ಕಿವಿ ತಿರುಗಿಸಿ, "ಧಾರವಾಡ ಬೇಕಾ, ಸಿಲೋನ್ ಬೇಕಾ?" ಎಂದು ನನ್ನ ಅಪ್ಪಣೆ ಕೇಳಿದರು.

"ಎಷ್ಟು?" ಎಂದೆ.

"ಇನ್ನೂರ ಇಪ್ಪತ್ತು. ನಿಮಗೆ ಅಂತ ಹೇಳಿದ್ದು."

"ನೂರ ಎಂಬತ್ತಕ್ಕೆ ಕೊಡಿ ಸಾಹುಕಾರ್ರೇ."

"ಅಷ್ಟಕ್ಕೆ ಪೆಟ್ಟಿಗೆ ಕೊಡ್ತೇನೆ ಧಣಿ. ಒಳಗಿನ ಮಾತು ನೀವೇ ಆಡಬೇಕಾಗ್ತದೆ."

ನಾನು ಎದ್ದು ಹೊರಟೆ. ಸೋಡಾ ಅಂಗಡಿ ದಾಟುವ ಮೊದಲೇ ಕರೆ ಬಂತು. "ಬನ್ನಿ, ಬೋಣಿ ಹಾಳು ಮಾಡ್ಬೇಡಿ. ನೂರ ತೊಂಬತ್ತು. ತಗೊಂಡು ಹೋಗಿ." ಗಂಟಿನಲ್ಲಿ ಇನ್ನೂರು ಇತ್ತು. ಅಷ್ಟರಲ್ಲಿ ಮುಗಿಯಬೇಕಿತ್ತು.

ಇಲ್ಲಿಯೇ ನನ್ನ ತಪ್ಪು. ಅವರು ಒಪ್ಪಿದ ಕೂಡಲೇ ನನಗೆ ಸಂತೋಷವಾಗುವ ಬದಲು ಆ ಕುರ್ಚಿಯದೇ ಚಿಂತೆ ಹತ್ತಿತು. ಗಂಟು ಬಿಚ್ಚಿ ಕೊಟ್ಟರೆ ನಾಳೆಯಿಂದ ನಾನು ಪುನಃ 'ಏಯ್'. ರೇಡಿಯೋ ಕೊಂಡಾದವನನ್ನು ಯಾವ ಅಂಗಡಿಯವನೂ ಧಣಿ ಎನ್ನುವುದಿಲ್ಲ. ಕೊಳ್ಳಲಿರುವವನನ್ನು ಎಷ್ಟು ದಿನವಾದರೂ ಎನ್ನುತ್ತಾನೆ. "ಅಕ್ಕನಿಗೆ ಒಂದು ಮಾತು ಕೇಳ್ತೇನೆ" ಎಂದು ಎದ್ದೆ. ಮರ್ಯಾದೆಗೆಂದು ಏರಿಯಲ್ ತಂತಿ ಒಂದು ಸುರುಳಿ ಕೊಂಡೆ, ನನ್ನ ದುಡ್ಡಿನಲ್ಲಿ. ಮನೆಗೆ ಬಂದು, "ಬೆಲೆ ತುಂಬ ಹೇಳ್ತಾರೆ ಅಕ್ಕ, ಸ್ವಲ್ಪ ಬಗ್ಗಲಿ, ನೋಡುವ" ಎಂದೆ. ಗಂಟನ್ನು ಹಾಗೆಯೇ ತಿರುಗಿ ಕೊಟ್ಟೆ. ಒಂದು ಪೈಸೆ ಮುಟ್ಟಲಿಲ್ಲ ಎಂಬುದು ಆಗ ನನಗೆ ದೊಡ್ಡ ಸಂಗತಿಯಾಗಿ ಕಂಡಿತ್ತು.

ಅಕ್ಕ ನಂಬಿದಳು. ಮರುದಿನವೇ ಅಂಗಳದಲ್ಲಿ ಎರಡು ಬಿದಿರು ನಿಲ್ಲಿಸಿ ತಂತಿ ಕಟ್ಟಿಸಿದಳು. ಆಚಾರಿಯನ್ನು ಕರೆಸಿ ಜಗಲಿಯ ಗೋಡೆಗೆ ಹಲಗೆ ಹೊಡೆಸಿದಳು. ಹಲಗೆಯ ಮೇಲೆ ಹಾಸಲು ಹಳೆ ಸೀರೆಯ ಅಂಚು ಹೊಲಿದಳು. ರೇಡಿಯೋ ಒಂದು ಬಿಟ್ಟು ಉಳಿದದ್ದೆಲ್ಲ ನಮ್ಮ ಮನೆಗೆ ಬಂತು. ದಾರಿಯಲ್ಲಿ ಹೋಗುವವರು ತಂತಿ ನೋಡಿ, "ಯಾವ ಸ್ಟೇಷನ್ ಸಿಗ್ತದೆ ನಿಮ್ಮಲ್ಲಿ?" ಎಂದು ವಿಚಾರಿಸುತ್ತಿದ್ದರು. ನಮಗೆ ಸಿಗುತ್ತಿದ್ದದ್ದು ಕಾಗೆ. ಮಳೆಗಾಲ ಕಳೆದ ಮೇಲೆ ಅಕ್ಕ ತಂತಿಯ ಮೇಲೆ ನಾನು ಮೈ ಒರೆಸುವ ಬೈರಾಸು ಒಣಗಿಸತೊಡಗಿದಳು. ಹಲಗೆಯ ಮೇಲೆ ಒಂದು ಹಲ್ಲಿ ಸಂಸಾರ ಹೂಡಿತು.

ನಾನು ರಜೆ ಸಿಕ್ಕಿದಾಗೆಲ್ಲ ಗಂಟು ಹಿಡಿದು ಹೊರಡುತ್ತಿದ್ದೆ. ಬೆಳ್ತಂಗಡಿಯ ಅಂಗಡಿಯ ಕುರ್ಚಿಗೆ ಒಂದು ಕೈ ಇರಲಿಲ್ಲ, ಆದರೆ ಅವರು ಕಾಫಿ ಕೊಡುತ್ತಿದ್ದರು. ವೇಣೂರಿನ ಮೇಲಾಗಿ ಹೋಗುವ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಮೂಡುಬಿದಿರೆಗೂ ಹೋದೆ. ಅಲ್ಲಿ 'ಒಂದೇ ಬೆಲೆ' ಎಂದು ಹಲಗೆ ಬರೆದು ತೂಗಹಾಕಿದ್ದರು. ನಾನು ಕ್ರಮಪ್ರಕಾರ ಎದ್ದು ಹೊರಟೆ, ಯಾರೂ ಕರೆಯದ್ದರಿಂದ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ನಾಚಿಕೆಯಿಲ್ಲದೆ ತಿರುಗಿ ಬಂದೆ. ಅಂಗಡಿಯವರು ಬಹಳ ತಾಳ್ಮೆಯ ಮನುಷ್ಯ. "ಬೆಲೆ ಬದಲಾಗುವುದಿಲ್ಲ. ಕೂತು ಹಾಡು ಕೇಳುವುದಾದರೆ ಕೇಳಿ, ನಮಗೆ ಬೇಸರ ಇಲ್ಲ" ಎಂದರು. ಮಧ್ಯಾಹ್ನದವರೆಗೆ ಕೂತೆ. ಅಕ್ಕನ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡು ಅಕ್ಕ ಕೇಳಬೇಕಾದ ಹಾಡುಗಳನ್ನು ನಾನು ಕೇಳಿ ಬಂದೆ. ಸಂಜೆ ಮನೆ ಸೇರಿದರೆ ಅವಳು ಬೆಲೆಯನ್ನು ಕೇಳುತ್ತಿರಲಿಲ್ಲ. "ಇವತ್ತು ಯಾವ ಹಾಡು ಬಂತು?" ಎನ್ನುತ್ತಿದ್ದಳು. ನನ್ನ ಕತ್ತೆ ಕಂಠದಲ್ಲಿ ಎರಡು ಸಾಲು ಹೇಳುತ್ತಿದ್ದೆ. ಅದಕ್ಕೂ ಅವಳು ತಲೆದೂಗುತ್ತಿದ್ದಳು.

ಒಂದು ದಿನ ಅವಳು ಶೆಟ್ಟರ ಜಗಲಿಯಿಂದ ಬೇಗ ಮನೆಗೆ ಬಂದಿದ್ದಳು, ಮೊರದಲ್ಲಿ ಎಲೆ ಹಾಗೆಯೇ ಇತ್ತು. ಮೇಲಿನ ಮನೆಯವರು ರೇಡಿಯೋವನ್ನು ಜಗಲಿಯಿಂದ ಒಳಗಿನ ಕೋಣೆಗೆ ಸಾಗಿಸಿದ್ದರಂತೆ. ಶೆಟ್ಟರ ಹೆಂಡತಿ, "ನಿಮ್ಮದು ಬರ್ತದಲ್ಲ, ತಂತಿ ಕಟ್ಟಿಯಾಗಿ ವರ್ಷ ಆಯ್ತಲ್ಲ" ಎಂದರಂತೆ. ಅಕ್ಕ ಅದನ್ನು ದೂರಿನಂತೆ ಹೇಳಲಿಲ್ಲ. ಎಲೆಗೆ ನೀರು ಚಿಮುಕಿಸುತ್ತ, "ಬೆಲೆ ಎಷ್ಟಾದರೂ ಆಗಲಿ, ಈ ಸಲ ತಾ" ಎಂದಳು. ಆ ವಾರ ನಾನು ಮೋನು ಬ್ಯಾರಿಯವರಲ್ಲಿಗೆ ಹೋದೆ. ಎರಡು ಸೋಡಾ ಕುಡಿದು ಬಂದೆ. ಆ ಕುರ್ಚಿಯಲ್ಲಿ ಕೂತಾಗ ಹಿತವೂ ಇರಲಿಲ್ಲ, ಏಳಲು ಧೈರ್ಯವೂ ಇರಲಿಲ್ಲ. ಅಷ್ಟೊತ್ತಿಗೆ ರೇಡಿಯೋ ಕೊಂಡರೆ, ಇಷ್ಟು ದಿನ ಯಾಕೆ ಕೊಳ್ಳಲಿಲ್ಲ ಎಂಬ ಪ್ರಶ್ನೆಯೂ ಅದರ ಜೊತೆಗೇ ಮನೆಗೆ ಬರುತ್ತಿತ್ತು.

ಮುಂದಿನ ಸಲ ಗಂಟು ಕೊಡುವ ಬದಲು ಅಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನೂ ಬರ್ತೇನೆ" ಎಂದಳು. ಇಬ್ಬರೂ ಬಂಟ್ವಾಳದ ಬಸ್ಸು ಹತ್ತಿದೆವು. ಮೋನು ಬ್ಯಾರಿಯವರು ದೂರದಿಂದಲೇ, "ಬನ್ನಿ ಧಣಿ" ಎಂದು ಕುರ್ಚಿ ಒರೆಸಿದರು. ಅಕ್ಕ ಕುರ್ಚಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಇಬ್ಬರೂ ಕೂರಲಿಲ್ಲ.

"ಎಷ್ಟು?" ಎಂದಳು.

"ನಿಮ್ಮ ತಮ್ಮನಿಗೆ ಮೊದಲ ದಿವಸವೇ ನೂರ ತೊಂಬತ್ತಕ್ಕೆ ಒಪ್ಪಿದ್ದೇನಲ್ಲ ಅಕ್ಕ. ನಿಮ್ಮನ್ನು ಕೇಳಿ ಹೇಳ್ತೇನೆ ಅಂತ ಹೋದವರು. ಎಷ್ಟು ಸಲ ಕೇಳಿದರೂ ನಿಮ್ಮಿಂದ ಉತ್ತರ ಬರಲಿಲ್ಲ ಅಂತಾರೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಕ್ಕ ಗಂಟು ಬಿಚ್ಚಿ ದುಡ್ಡು ಮೇಜಿನ ಮೇಲಿಟ್ಟಳು. ಬ್ಯಾರಿಯವರು ಮುಟ್ಟಲಿಲ್ಲ, ಅವಳು ಎದ್ದು ಹೋಗುವುದನ್ನು ಕಾಯುತ್ತ ನಿಂತರು. ಅವಳು ಹೋಗಲಿಲ್ಲ. ಚೌಕಾಸಿಯಿಲ್ಲದೆ ಬಂದ ದುಡ್ಡಿಗೆ ಅವರಿಗೇ ಸಂಕೋಚವಾಗಿ, "ಏರಿಯಲ್ ತಂತಿ ಸುಮ್ಮನೆ ಕೊಡ್ತೇನೆ ಅಕ್ಕ" ಎಂದರು.

"ತಂತಿ ಉಂಟು," ಎಂದಳು ಅಕ್ಕ. "ಅದರಲ್ಲಿ ಬಟ್ಟೆ ಒಣಗ್ತಾ ಉಂಟು."

ರೇಡಿಯೋವನ್ನು ತಲೆಯ ಮೇಲೆ ಹೊತ್ತು ಬಸ್ಸಿನಿಂದ ಮನೆಯವರೆಗೆ ನಡೆದೆ. ಗೋಣಿ ಹೊತ್ತು ಪಳಗಿದ ತಲೆಗೆ ಅದು ಯಾವ ಭಾರ? ಆದರೂ ದಾರಿಯಲ್ಲಿ ಎರಡು ಸಲ ಇಳಿಸಬೇಕಾಯಿತು. ಅಕ್ಕ ಏನೂ ಕೇಳಲಿಲ್ಲ. ಮುಂದಿನ ದಿನಗಳಲ್ಲೂ ಕೇಳಲಿಲ್ಲ. ಗಂಜಿ ಬಡಿಸಿದಳು, ಅಂಗಿ ಒಗೆದಳು, ಗಿರಣಿಯ ಸುದ್ದಿ ವಿಚಾರಿಸಿದಳು. ಆದರೆ ರೇಡಿಯೋ ಹಚ್ಚಿದಾಗ ನನ್ನನ್ನು ಕರೆಯುತ್ತಿರಲಿಲ್ಲ, ಯಾವ ಹಾಡು ಬಂತೆಂದು ಹೇಳುತ್ತಲೂ ಇರಲಿಲ್ಲ. ನಾನು ಅಂಗಳದಲ್ಲಿ ತಂತಿಯ ಕೆಳಗೆ ನಿಂತು ಕೇಳುತ್ತಿದ್ದೆ. ಅವಳು ಬೈದಿದ್ದರೆ ಮೀನಿನ ಹೆಂಗಸಿಗೆ ಕೊಟ್ಟ ಹಾಗೆ ಏನಾದರೂ ಉತ್ತರ ಕೊಟ್ಟು ಮುಗಿಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ತಡೆಯಲಾಗದೆ ಜಗಲಿಗೆ ಹೋಗಿ ಅವಳ ಎದುರು ಕೂತೆ. ಅಭ್ಯಾಸಬಲ ನೋಡಿ, ಆಗಲೂ ನನ್ನ ಬಾಯಿಗೆ ಬಂದದ್ದು ಆದಷ್ಟು ಕಡಿಮೆ ಬೆಲೆಯ ಮಾತೇ.

"ಅಕ್ಕ, ರೇಡಿಯೋ ತರುವುದು ಸ್ವಲ್ಪ ತಡ ಆಯ್ತು."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ರೇಡಿಯೋದ ಕಿವಿ ತಿರುಗಿಸಿ ಆರಿಸಿದಳು. ಎದ್ದು ಮೆಲ್ಲಗೆ ಬಾಗಿಲ ಕಡೆ ನಡೆದಳು. ಅವಸರ ಮಾಡಲಿಲ್ಲ, ತಿರುಗಿ ನೋಡಲಿಲ್ಲ, ಬೆನ್ನು ನೆಟ್ಟಗಿತ್ತು. ಆ ನಡಿಗೆ ನನಗೆ ಗೊತ್ತಿಲ್ಲದ್ದೇ?

"ಬೆಲೆ ಜಾಸ್ತಿ ಅಂತ ಹೇಳಿದ್ದು ಸುಳ್ಳು," ಎಂದೆ.

ಅವಳ ಒಂದು ಕಾಲು ಹೊಸಿಲು ದಾಟಿತು. ಇನ್ನೊಂದೂ ದಾಟಿದರೆ ಅವಳು ಇನ್ನು ಈ ಮಾತಿಗೆ ತಿರುಗಿ ಬರುವವಳಲ್ಲ. ಜನ್ಮದಲ್ಲಿ ಮೊದಲ ಸಲ ಎದ್ದು ಹೋಗುತ್ತಿರುವವರನ್ನು ಹಿಂದಿನಿಂದ ಕರೆಯುವ ಕೆಲಸ ನನಗೆ ಬಂದಿತ್ತು.

"ಅಕ್ಕ, ಹೋಗಬೇಡ, ಬಾ ಇಲ್ಲಿ. ಕುರ್ಚಿಯಲ್ಲಿ ಕೂರುವ ಆಸೆಗೆ ನಿನ್ನ ಕಿವಿಯನ್ನು ಒಂದೂವರೆ ವರ್ಷ ಖಾಲಿ ಇಟ್ಟೆ. ನನ್ನಿಂದ ತಪ್ಪಾಯ್ತು."